ಕುಮಟಾದ ಅಂಗಡಿ ಮುಳುಗಿದ್ದು ಯಾವ ನೀರಿನಲ್ಲಿ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ನಮ್ಮ ಆಯಿ (ತಂದೆಯ ತಾಯಿ) ಹುಟ್ಟಿದ್ದು 1931ರ ಸುಮಾರಿಗೆ. ತೀರಿಕೊಳ್ಳುವವರೆಗೂ ಅವರು ಹೇಳುತ್ತಿದ್ದ ಮಾತೊಂದಿದೆ: "ಕುಮಟಾ ಬಂದರದಾಗ ನಮ್ಮದೊಂದು ಅಂಗಡಿ ಇತ್ತು. ಕೆಂಪು ಹಂಚಿನ ಸಾಲು, ಮುಂದ ಜಗಲಿ, ಹಿಂದ ನೀರು. ನಸುಕಿನ್ಯಾಗ ಆಗಬೋಟಿನ ಭೋಂಗಾ ಕೇಳತಿತ್ತು. ಕಡೀಕ ಎಲ್ಲಾ ಮುಳಗಿ ಹೋತು." ಕಳೆದ ತಿಂಗಳು ಕುಮಟಾಕ್ಕೆ ಹೋಗಿ ವಿಚಾರಿಸಿದೆ. ಅಂಥ ಸಾಲು ಯಾರಿಗೂ ನೆನಪಿಲ್ಲ. "ಕಡಲು ಕೊರೆದು ಹೋಗಿರಬೇಕು" ಎಂದು ಒಬ್ಬರು ಹೇಳಿದರು. ಆಯಿಯ ಟ್ರಂಕಿನಲ್ಲಿ ಒಂದು ಹಾಳೆ ಸಿಕ್ಕಿದೆ. ಲಿಪಿ ಓದಲು ಬರುವುದಿಲ್ಲ, ಮೇಲ್ಗಡೆ 1920 ಎಂಬ ಅಂಕಿ ಮಾತ್ರ ತಿಳಿಯುತ್ತದೆ. ಕುಮಟಾದ ಹತ್ತಿ ವ್ಯಾಪಾರ 1890ರ ಹೊತ್ತಿಗೇ ಕುಸಿದಿತ್ತು ಎಂದು ನೀವು ಉಪನ್ಯಾಸವೊಂದರಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಹಾಗಾದರೆ 1920 ಹೇಗೆ? ಆ ಸಾಲು ನಿಜವಾಗಿ ಇತ್ತೇ? ಸಮುದ್ರ ಅದನ್ನು ನುಂಗಿತೇ?

ಉತ್ತರ: ಮೊದಲು ಹಾಳೆಯ ಲೆಕ್ಕ ಮುಗಿಸೋಣ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ನೀವು ಕಳಿಸಿದ ಚಿತ್ರದಲ್ಲಿ 1920 ಎಂದು ಬರೆದಿರುವುದು ನಿಜ, ಆದರೆ ಅದು ಇಸವಿಯಲ್ಲ, ವಿಕ್ರಮ ಸಂವತ್ತು. ಅಂಕಿಯ ಹಿಂದೆ ಒಂದು ಚಿಕ್ಕ ಅಕ್ಷರವೂ ಅದರ ನೆತ್ತಿಯ ಮೇಲೆ ಒಂದು ಚುಕ್ಕೆಯೂ ಇವೆ. ನೀವು ಅದನ್ನು ಮಸಿಯ ಕಲೆ ಎಂದು ಬಗೆದಿರಬೇಕು. ಅದು "ಸಂ", ಸಂವತ್ ಎಂಬುದರ ಸಂಕ್ಷೇಪ. ನಮ್ಮ ಧಾರವಾಡ ಸೀಮೆಯ ಹಳೆಯ ಕಿರ್ದಿಗಳು (ದಿನದ ಲೆಕ್ಕದ ಪುಸ್ತಕಗಳು) ಸಾಮಾನ್ಯವಾಗಿ ಮೋಡಿ ಎಂಬ ಹಳೆಯ ಮರಾಠಿ ಕೈಬರಹದ ಲಿಪಿಯಲ್ಲಿರುತ್ತವೆ. ಮೋಡಿ ಬರೆಯುವವನು ಮೊದಲು ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಗೆರೆ ಎಳೆದು ಆಮೇಲೆ ಅಕ್ಷರಗಳನ್ನು ಅದಕ್ಕೆ ತೂಗು ಹಾಕುತ್ತಾನೆ. ನಿಮ್ಮ ಹಾಳೆಯ ಮುಖ್ಯ ಬರಹಕ್ಕೆ ತಲೆಗೆರೆಯೇ ಇಲ್ಲ. ಅದು ಗುಜರಾತಿ ವ್ಯಾಪಾರಸ್ಥರ ಬರಹ, ಅದರಲ್ಲೂ ಕಾಗುಣಿತವನ್ನು ಅರ್ಧಕ್ಕರ್ಧ ಕೈಬಿಟ್ಟು ಅವಸರದಲ್ಲಿ ಗೀಚುವ ಪೇಢಿಯ (ವ್ಯಾಪಾರದ ಕೋಠಿಯ) ಬರಹ. ಈ ಲಿಪಿಯ ಮೇಲೆ ಅವರವರೇ ಹೇಳಿಕೊಂಡು ನಗುವ ಹಳೆಯ ಮಾತೊಂದಿದೆ: "ಕಾಕಾ ಅಜಮೇರಕ್ಕೆ ಹೋದರು" ಎಂದು ಬರೆದ ಪತ್ರವನ್ನು ಊರಲ್ಲಿ "ಕಾಕಾ ಇವತ್ತು ತೀರಿಹೋದರು" ಎಂದು ಓದಿ ಮನೆಮಂದಿಯೆಲ್ಲ ಅತ್ತರಂತೆ (ಕಾಗುಣಿತ ಬಿಟ್ಟು ಬರೆದರೆ "ಅಜಮೇರ ಗಯಾ", "ಆಜ ಮರ ಗಯಾ" ಎರಡೂ ಒಂದೇ ಥರ ಕಾಣುತ್ತವೆ). ಹಾಗಾಗಿ ನಿಮಗೆ ಓದಲು ಬರಲಿಲ್ಲವೆಂಬುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಗುಜರಾತಿ ವ್ಯಾಪಾರಸ್ಥರ ವರ್ಷ ದೀಪಾವಳಿಯ ಪಾಡ್ಯದಂದು, ಕಾರ್ತಿಕದಲ್ಲಿ, ತೆರೆದುಕೊಳ್ಳುತ್ತದೆ. ಸಂವತ್ 1920 ಆರಂಭವಾದದ್ದು 1863ರ ನವೆಂಬರಿನಲ್ಲಿ. ಅಂಕಿಯ ಮುಂದೆ "ಚೈತ್ರ ವದ 7" ಎಂದಿದೆ, ಅಂದರೆ ಚೈತ್ರ ಬಹುಳ ಸಪ್ತಮಿ. ಅಲ್ಲಿಗೆ ಆ ಹಾಳೆ ಬರೆದದ್ದು 1864ರ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಅದು ಶಕೆ 1786, ರಕ್ತಾಕ್ಷಿ ಸಂವತ್ಸರ. ಗಾಂಧೀಜಿಯ ಅಸಹಕಾರದ ಕಾಲದ್ದೆಂದು ನೀವು ತಿಳಿದಿದ್ದ ಕಾಗದ ಅದಕ್ಕಿಂತ ಐವತ್ತಾರು ವರ್ಷ ಹಿಂದಿನದು. ಉಳಿದ ಮೂರು ಸಾಲುಗಳಲ್ಲಿ ನನಗೆ ಸ್ಪಷ್ಟವಾಗಿ ಕಾಣುವುದು "ಕುಮಟಾ ಬಂದರ" ಎಂಬ ಮಾತು, 14 ಗಾಡಿ ಎಂಬ ಲೆಕ್ಕ, ಅದರ ಭಾಡೆಯ ಮೊತ್ತ. ಕೆಳಗೆ ಬೇರೆ ಮಸಿಯಲ್ಲಿ ಒಂದು ಗಿಡ್ಡ ಸಹಿ ಇದೆಯಲ್ಲ, ಅದು ಮಾತ್ರ ಮೋಡಿ. ಮಾಲು ಕಳಿಸಿದವರು ಹುಬ್ಬಳ್ಳಿಯ ಕಡೆಯವರು, ಮುಟ್ಟಿಸಿಕೊಂಡು ಚೀಟಿ ಕೊಟ್ಟವನು ಬಂದರಿನಲ್ಲಿದ್ದ ಮುಂಬಯಿ ಪೇಢಿಯ ಗುಮಾಸ್ತ, ಒಪ್ಪಿ ಸಹಿ ಮಾಡಿದವರು ನಿಮ್ಮ ಮನೆತನದವರು ಎಂದು ನಾನು ಇದನ್ನು ಓದುತ್ತೇನೆ.

1864ರ ಏಪ್ರಿಲ್ ಎಂಬುದು ಸಾಮಾನ್ಯ ತಿಂಗಳಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು, ಉತ್ತರದವರ ನೌಕೆಗಳು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ ಮೇಲೆ ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿಯ ಬರ ಬಂತು. ಅದುವರೆಗೆ ಕೀಳೆಂದು ಬಗೆಯುತ್ತಿದ್ದ ಹಿಂದುಸ್ಥಾನದ ಗಿಡ್ಡ ಎಳೆಯ ಹತ್ತಿಗೆ ಹಲವು ಪಟ್ಟು ದರ ಕೊಟ್ಟು ಕೊಳ್ಳುವವರು ಹುಟ್ಟಿಕೊಂಡರು. ಧಾರವಾಡ, ನವಲಗುಂದ, ಗದಗ, ರೋಣ, ನರಗುಂದದ ಎರೆಹೊಲಗಳಲ್ಲಿ ಬೆಳೆಯುತ್ತಿದ್ದುದು ಎರಡು ಬಗೆಯ ಹತ್ತಿ. ಒಂದು ನಮ್ಮ ಜವಾರಿ ಹತ್ತಿ. ಇನ್ನೊಂದು 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಬೀಜ ತರಿಸಿ ಹಬ್ಬಿಸಿದ ವಿಲಾಯತಿ ಹತ್ತಿ, ಲಿವರ್‌ಪೂಲಿನವರು ಅದನ್ನು ಧಾರವಾಡ್-ಅಮೆರಿಕನ್ ಎನ್ನುತ್ತಿದ್ದರು. ಜವಾರಿ ಹತ್ತಿಗೆ ಅವರು ಇಟ್ಟ ಹೆಸರು ಕುಮಟಾ. ಕಡಲಂಚಿನ ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿನ ಮಣ್ಣು ಬೇರೆ, ಮಳೆ ಬೇರೆ. ಬೆಳೆದ ಊರಿನ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ಮಾಲಿಗೆ ಅಂಟಿಕೊಂಡಿತು. ಸಸ್ಯತಜ್ಞರು ಇಂದಿಗೂ ಆ ತಳಿಯನ್ನು ಕುಮಟಾ ಎಂದೇ ಕರೆಯುತ್ತಾರೆ, ನಮ್ಮ ರೈತರು ಈಗಲೂ ಅಲ್ಲಲ್ಲಿ ಬಿತ್ತುವ ಜಯಧರ ಹತ್ತಿಯ ವಂಶದಲ್ಲಿ ಅದರ ಪಾಲಿದೆ. ನಿಮ್ಮ ಸಾಲು ಇತ್ತೇ ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ನನ್ನಲ್ಲಿಲ್ಲ: ಜಗತ್ತಿನ ಹತ್ತಿ ಪೇಟೆಯಲ್ಲಿ ಒಂದು ತಳಿಗೇ ತನ್ನ ಹೆಸರು ಕೊಟ್ಟ ಬಂದರಿನಲ್ಲಿ ಹುಬ್ಬಳ್ಳಿಯವರ ಅಂಗಡಿ ಇರದಿದ್ದರೆ ಅದೇ ಆಶ್ಚರ್ಯ.

ಆದರೆ "ಅಂಗಡಿ" ಎಂಬ ಮಾತನ್ನು ನೀವು ಹೇಗೆ ಕೇಳಿಸಿಕೊಂಡಿರಿ ಎಂಬುದು ಮುಖ್ಯ. ನಿಮ್ಮ ಪತ್ರದಲ್ಲಿ "ಅಲ್ಲಿ ಏನು ಮಾರುತ್ತಿದ್ದರೋ" ಎಂದು ಬರೆದಿದ್ದೀರಿ. ಇವತ್ತು ಅಮರಗೋಳದ ಎ.ಪಿ.ಎಂ.ಸಿ.ಗೆ ಹೋಗಿ ನಿಂತರೆ, ನವಲಗುಂದದ ಕಡೆಯ ರೈತನೊಬ್ಬ "ನಾವು ಇಂಥವರ ಅಂಗಡಿಗೇ ಮಾಲು ಹಾಕೋದ್ರಿ" ಎಂದು ಹೇಳುವುದು ಕಿವಿಗೆ ಬೀಳುತ್ತದೆ. ಅಲ್ಲಿ ಅಂಗಡಿ ಎಂದರೆ ಅಡತಿ ಅಂಗಡಿ, ದಲಾಲಿ ಪಡೆದು ಬೇರೆಯವರ ಮಾಲು ಮಾರಿಸಿಕೊಡುವ ಜಾಗ. ಗಾದಿ, ತಕ್ಕಡಿ, ಹಿಂದೆ ಗೋದಾಮು, ಗೋಡೆಗೆ ಲಕ್ಷ್ಮಿಯ ಪಟ. ಚಿಲ್ಲರೆ ಗಿರಾಕಿ ಅಲ್ಲಿ ಮೆಟ್ಟಿಲು ಹತ್ತುವುದಿಲ್ಲ. ನಿಮ್ಮ ಮನೆತನದ್ದು ಇಂಥ ಅಂಗಡಿ. ಘಟ್ಟದ ಮೇಲಿನಿಂದ ಬಂದ ಅಂಡಿಗೆಗಳನ್ನು (ಹತ್ತಿಯ ಮೂಟೆಗಳನ್ನು) ಇಳಿಸಿಕೊಳ್ಳುವುದು, ತೂಗಿಸುವುದು, ಗಾಡಿಯವರ ಭಾಡೆ ಚುಕ್ತಾ ಮಾಡುವುದು, ಮುಂಬಯಿ ಪೇಢಿಯ ಗುಮಾಸ್ತನಿಗೆ ಮಾಲು ಒಪ್ಪಿಸಿ ಹುಂಡಿ (ಹಣ ಕೊಡಲು ಬರೆದುಕೊಡುವ ಚೀಟಿ) ಬರೆಯಿಸಿಕೊಳ್ಳುವುದು, ಇಷ್ಟು ಅದರ ಕೆಲಸ. ಹೀಗಾಗಿ "ಕುಮಟಾದ ಹಳೆಯ ಶಾಪಿಂಗ್ ಬೀದಿ ಎಲ್ಲಿತ್ತು" ಎಂದು ನೀವು ಅಲ್ಲಿಯವರನ್ನು ಕೇಳಿದ್ದಕ್ಕೆ ಅವರು ತಲೆಯಾಡಿಸಿದ್ದು ಸಹಜವೇ. ಬಟ್ಟೆ, ಬಳೆ, ಬೆಳ್ಳಿ ಕೊಳ್ಳಲು ಹೋಗುವ ಬೀದಿ ಅದಾಗಿರಲಿಲ್ಲ. ಅಡತಿಯವರ ನಡುನಡುವೆ ಇದ್ದವರು ಗಾಡಿಯವರನ್ನು ನಂಬಿಕೊಂಡವರು: ಎತ್ತಿಗೆ ಲಾಳ ಹೊಡೆಯುವವರು, ಕೀಲೆಣ್ಣೆ ಮಾರುವವರು, ಹಗ್ಗದವರು, ಗೋಣಿತಟ್ಟಿನವರು, ಖಾನಾವಳಿಯವರು. ಮರಳಿ ಹೋಗುವ ಗಾಡಿ ಖಾಲಿ ಹೋಗಬಾರದೆಂದು ಸಾಣಿಕಟ್ಟೆಯ ಉಪ್ಪು, ಕೊಬ್ಬರಿ, ತೆಂಗಿನಕಾಯಿ, ಒಣಮೀನು, ಹಡಗಿನಲ್ಲಿ ಬಂದ ಖರ್ಜೂರ, ತಾಮ್ರದ ತಗಡು, ವಿಲಾಯತಿ ಬಟ್ಟೆ ಮಾರುವವರೂ ಇದ್ದರು. ಇವರ ಮಾಲಿನ ಕೊನೆಯ ಗಿರಾಕಿ ಕುಮಟಾದಲ್ಲಿರಲಿಲ್ಲ, ನಮ್ಮ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿದ್ದ, ಜವಳಿ ಸಾಲಿನಲ್ಲಿದ್ದ, ಕಂಚಗಾರ ಗಲ್ಲಿಯಲ್ಲಿದ್ದ.

ಆ ಸಾಲಿಗೆ ಒಂದು ವಿಚಿತ್ರವಾದ ಆಯುಷ್ಯವಿತ್ತು. ವರ್ಷದಲ್ಲಿ ನಾಲ್ಕು ತಿಂಗಳು ಅದು ಊರು, ಉಳಿದ ಕಾಲ ಬರೀ ಕಟ್ಟಡ. ಜವಾರಿ ಹತ್ತಿಯನ್ನು ನಮ್ಮಲ್ಲಿ ಬಿತ್ತುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ, ಬಿಡಿಸುವುದು ಫೆಬ್ರುವರಿಯ ನಂತರ. ಬಿಡಿಸಿ, ಬೀಜ ತೆಗೆದು, ಅರಳೆಯನ್ನು ಅಂಡಿಗೆ ಕಟ್ಟಿ ಗಾಡಿಗೇರಿಸುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. ಹುಬ್ಬಳ್ಳಿಯಿಂದ ಶಿರಸಿಯ ಮೇಲೆ ಹಾಯ್ದು ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಲು ಈಗಿನ ರಸ್ತೆಯಲ್ಲಿ ಸುಮಾರು 160 ಕಿಲೋಮೀಟರು. ಎತ್ತಿನ ಗಾಡಿಗೆ ಎಂಟು-ಹತ್ತು ದಿನದ ಪ್ರಯಾಣ, ಘಟ್ಟದಲ್ಲಿ ಗಾಲಿಗೆ ಕಟ್ಟಿಗೆ ಸಿಕ್ಕಿಸಿ ಹಿಡಿದು ಇಳಿಸುವ ಕಷ್ಟ ಬೇರೆ. ಇತ್ತ ಜೂನ್ ಬಂತೆಂದರೆ ಕಡಲು ಮುಚ್ಚಿತು. ಕುಮಟಾ ಬಯಲು ಬಂದರು, ಗಾಳಿಗೆ ಅಡ್ಡವಾಗಿ ನಿಲ್ಲುವ ಗುಡ್ಡವಾಗಲಿ ದ್ವೀಪವಾಗಲಿ ಇಲ್ಲ. ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕಬೇಕು, ಮಚವೆಗಳಲ್ಲಿ (ಚಿಕ್ಕ ದೋಣಿಗಳಲ್ಲಿ) ಮಾಲು ಒಯ್ದು ಏರಿಸಬೇಕು. ಮುಂಗಾರು ಎದ್ದ ಮೇಲೆ ಇದು ಸಾಧ್ಯವಿಲ್ಲ; ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡುವವರೆಗೆ ಪತ್ತೆಮಾರಿ ಎಂಬ ಹಾಯಿಹಡಗುಗಳು ದಡದ ಮೇಲೆ ತೆಂಗಿನ ಮಡಲಿನ ಚಪ್ಪರದಡಿ ಮಲಗಿರುತ್ತಿದ್ದವು. ಅಂದರೆ ಒಂದು ವರ್ಷದ ಬೆಳೆಯೆಲ್ಲ ಹೆಚ್ಚುಕಡಿಮೆ ಮೂರು ತಿಂಗಳ ಸಂದಿಯಲ್ಲಿ ಒಂದು ಘಟ್ಟವನ್ನೂ ಒಂದು ಬೀದಿಯನ್ನೂ ಹಾಯ್ದು ಹೋಗಬೇಕಿತ್ತು. ಮೇ ಕೊನೆಗೆ ಉಳಿದ ಅಂಡಿಗೆ ಮಳೆಗಾಲವಿಡೀ ಉಪ್ಪುಗಾಳಿಯ ತೇವದಲ್ಲಿ ಕೂತು ಬಣ್ಣ ಕೆಡುತ್ತಿತ್ತು. ನಿಮ್ಮ ಹಾಳೆಯ ತಿಥಿ ಚೈತ್ರ ಬಹುಳದ್ದಾಗಿರುವುದು ಇದಕ್ಕೇ. ಆ 14 ಗಾಡಿಗಳು ಬಂದದ್ದು ಸುಗ್ಗಿಯ ತುಟ್ಟತುದಿಯಲ್ಲಿ, ಕಡಲು ಮುಚ್ಚಲು ಇನ್ನು ಐದಾರು ವಾರ ಇರುವಾಗ.

ಅವಸರವಿದ್ದಲ್ಲಿ ಮೋಸವೂ ಇರುತ್ತದೆ. ಅರಳೆಯಲ್ಲಿ ಬೀಜ, ಮಣ್ಣು, ನೀರು ಸೇರಿಸಿ ತೂಕ ಏರಿಸುವುದು, ವಿಲಾಯತಿಯಲ್ಲಿ ಜವಾರಿ ಬೆರೆಸುವುದು ಎಷ್ಟು ಬೆಳೆಯಿತೆಂದರೆ ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಕಲಬೆರಕೆ ತಡೆಯಲೆಂದೇ ಕಾಯ್ದೆ ಮಾಡಿ ತಪಾಸಣೆಗೆ ಅಧಿಕಾರಿಗಳನ್ನು ನೇಮಿಸಿತು. ಹತ್ತಿಯವರು ಸಜ್ಜನರು, ಕಾಯ್ದೆಯವರು ದುಷ್ಟರು ಎಂಬ ಧಾಟಿಯ ಮಾತು ನಮ್ಮ ವ್ಯಾಪಾರಿ ಮನೆತನಗಳ ನೆನಪುಗಳಲ್ಲಿ ಬಹಳ ಬರುತ್ತದೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಇನ್ನು ನಿಮ್ಮ ಆಯಿಯವರ ಮಾತಿನ ಉಳಿದ ತುಂಡುಗಳು. ಅವರ ನೆನಪು ನಂಬಲು ತಕ್ಕದ್ದೇ ಎಂಬ ಸಂಶಯ ನಿಮ್ಮ ಪತ್ರದುದ್ದಕ್ಕೂ ಇದೆ. ನಾನು ಅವರ ಒಂದೊಂದು ಮಾತನ್ನೂ ನಂಬುತ್ತೇನೆ, ಆದರೆ ಅವೆಲ್ಲ ಒಂದೇ ಕಾಲದವು ಎಂದು ಮಾತ್ರ ನಂಬುವುದಿಲ್ಲ.

"ಕೆಂಪು ಹಂಚಿನ ಸಾಲು" ಎಂಬುದನ್ನೇ ನೋಡಿ. ಹೊಲಿದಿಟ್ಟಂತೆ ಒಂದಕ್ಕೊಂದು ಕೂಡುವ ಮಂಗಳೂರು ಹಂಚನ್ನು ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ತಯಾರಿಸತೊಡಗಿದ್ದು 1865ರಲ್ಲಿ. ಅಂದಮೇಲೆ ಹಾಳೆಯ ಮೇಲಿನ 1864ರ ಅಂಗಡಿಗೆ ಆ ಹಂಚು ಇರಲಾರದು. ಆಗ ಇದ್ದದ್ದು ಮಡಲು ಇಲ್ಲವೇ ಹುಲ್ಲಿನ ಹೊದಿಕೆ, ಅನುಕೂಲಸ್ಥರಿಗೆ ಕುಂಬಾರರು ಮಾಡಿದ ನಾಡಹಂಚು. ಸಾಲಾಗಿ ಕೆಂಪು ಹಂಚು ಕಂಡವರು ಕಂಡದ್ದು ಅದರ ನಂತರದ ಕುಮಟಾವನ್ನು. ಕರಾವಳಿಯ ಬೇರೊಂದು ಹಳೆಯ ಪೇಟೆಯಲ್ಲಿ, ಬಿಚ್ಚಿ ಕೆಳಗಿಟ್ಟಿದ್ದ ಮಾಡಿನ ಹಂಚೊಂದನ್ನು ನಾನು ಮಗುಚಿ ನೋಡಿದ್ದೇನೆ. ಮೇಲ್ಮೈ ಹಾವಸೆಗಟ್ಟಿ ಕರ್ರಗಾಗಿತ್ತು. ಹೊಟ್ಟೆಯ ಕಡೆ ಮಾತ್ರ ಇನ್ನೂ ನಿನ್ನೆ ಸುಟ್ಟಂತೆ ಕೆಂಪಗಿದ್ದು, ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಬೆರಳಿಗೆ ಸಿಗುತ್ತಿತ್ತು. ಕಾರ್ಖಾನೆಗಳ ಹೆಸರು ಕಾಲದಿಂದ ಕಾಲಕ್ಕೆ ಬದಲಾಗಿರುವುದರಿಂದ ಹಳೆಯ ಮಾಡಿನ ವಯಸ್ಸು ಅಂದಾಜಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

"ಆಗಬೋಟಿನ ಭೋಂಗಾ" ಇನ್ನೂ ಈಚಿನದು. ಹತ್ತಿ ಒಯ್ಯುತ್ತಿದ್ದ ಪತ್ತೆಮಾರಿ ಗಾಳಿಯ ಹಡಗು. ಅದಕ್ಕೆ ಹಾಯಿ ಇದೆ, ಭೋಂಗಾ ಇಲ್ಲ. ಭೋಂಗಾ ಕೂಗುವುದು ಉಗಿಯ ಹಡಗು. ಮುಂಬಯಿಯಿಂದ ಹೊರಟು ಕರಾವಳಿಯುದ್ದಕ್ಕೂ ಜನರನ್ನೂ ಟಪ್ಪಾಲನ್ನೂ ಇಳಿಸುತ್ತ ಹೋಗುತ್ತಿದ್ದ ಆಗಬೋಟುಗಳು ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಇದ್ದವು. ಬೇಸಿಗೆಯಲ್ಲಿ ಬಂಧುಗಳ ಮನೆಗೆ ಹೋದ ಎಂಟು ವರ್ಷದ ಹುಡುಗಿ 1939ರಲ್ಲಿ ನಸುಕಿನಲ್ಲಿ ಆ ಕೂಗಿಗೆ ಎಚ್ಚರಗೊಂಡಿರುವುದು ಸಂಪೂರ್ಣ ಸಾಧ್ಯ. ಆಯಿಯವರ ಮಾತಿನಲ್ಲಿ ಅವರು ಸ್ವತಃ ಕಿವಿಯಾರೆ ಕೇಳಿದ್ದೆಂದು ನಾನು ಒಪ್ಪುವುದು ಈ ಒಂದು ತುಂಡನ್ನು. ಹಂಚಿನ ಸಾಲನ್ನೂ ಕಂಡಿರಬಹುದು. "ನಮ್ಮದೊಂದು ಅಂಗಡಿ" ಎಂಬುದು ಮಾತ್ರ ಅವರಿಗೆ ಅವರ ಅತ್ತೆಯವರಿಂದಲೋ ಅತ್ತೆಯ ಅತ್ತೆಯವರಿಂದಲೋ ಬಂದ ಮಾತು. ಕೂಡಿದ ಮನೆತನದ ಮಾತಿನಲ್ಲಿ "ನಮ್ಮದು", "ನಾವು" ಎಂಬುದು ತೀರಿಹೋದವರನ್ನೂ ಒಳಗೊಂಡೇ ಬರುತ್ತದೆ. ನಮ್ಮ ಮನೆಯಲ್ಲಿ ನನ್ನ ಅಜ್ಜಿ "ಧಾತು-ಈಶ್ವರ ಬರದಾಗ ನಾವು ಬರೇ ನುಚ್ಚು ಉಂಡೀವಿ" ಎನ್ನುತ್ತಿದ್ದರು. ಆ ಬರ ಬಿದ್ದದ್ದು 1876ರಿಂದ 1878ರ ನಡುವೆ, ಅಜ್ಜಿ ಹುಟ್ಟುವುದಕ್ಕೂ ಎಷ್ಟೋ ಮುಂಚೆ. ಸುಳ್ಳು ಹೇಳುವ ಉದ್ದೇಶ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ.

ಆ ಬರದಲ್ಲಿ ಕರಾವಳಿಯ ಬಂದರುಗಳು ತಿರುವುಮುರುವಾದದ್ದನ್ನು ಇಲ್ಲಿಯೇ ಹೇಳಬೇಕು. ಅಷ್ಟು ವರ್ಷ ಇಳಿಯುತ್ತಿದ್ದ ಗಾಡಿಗಳು ಆಗ ಏರತೊಡಗಿದವು. ಹಡಗಿನಲ್ಲಿ ಬಂದ ಅಕ್ಕಿ ಮತ್ತು ಕಾಳನ್ನು ಧಾರವಾಡ ಜಿಲ್ಲೆಗೆ ಸಾಗಿಸಲು ಇದ್ದದ್ದು ಘಟ್ಟದ ಇದೇ ದಾರಿಗಳು. ಎತ್ತುಗಳೇ ಸತ್ತು ಹೋಗುತ್ತಿದ್ದ ಕಾಲದಲ್ಲಿ ಗಾಡಿಯನ್ನು ನೆಚ್ಚಿ ಒಂದು ಜಿಲ್ಲೆಗೆ ಅನ್ನ ಮುಟ್ಟಿಸುವುದು ಎಷ್ಟು ಕಷ್ಟವೆಂಬುದು ಸರಕಾರಕ್ಕೆ ಆಗ ಮನವರಿಕೆಯಾಯಿತು. ಮುಂದೆ ನಮ್ಮ ಸೀಮೆಗೆ ರೈಲು ಬಂದದ್ದರ ಹಿಂದೆ ಹತ್ತಿ ಎಷ್ಟಿದೆಯೋ ಈ ಬರವೂ ಅಷ್ಟೇ ಇದೆ.

ಈಗ ಕೊನೆಯ ತುಂಡು, "ಎಲ್ಲಾ ಮುಳಗಿ ಹೋತು". ಇದನ್ನು ನೀವು ಇದ್ದದ್ದು ಇದ್ದಹಾಗೆ ತೆಗೆದುಕೊಂಡು ಕಡಲಕೊರೆತ ಹುಡುಕಲು ಹೊರಟಿರಿ. ಹುಬ್ಬಳ್ಳಿಯ ವ್ಯಾಪಾರಸ್ಥರ ಮನೆಯ ಕನ್ನಡದಲ್ಲಿ ಅಂಗಡಿ ಮುಳುಗುವುದಕ್ಕೆ ನೀರು ಬೇಕಾಗಿಲ್ಲ. "ಅಂವಾ ಮುಳಗಿದಾ" ಎಂದರೆ ಸಾಲ ಮೈಮೇಲೆ ಬಂತು, ಹುಂಡಿ ಸಕರಾತಿಯಾಗಲಿಲ್ಲ (ಅದಕ್ಕೆ ಹಣ ಸಿಗಲಿಲ್ಲ), ಗಾದಿ ಎತ್ತಿದ ಎಂದರ್ಥ. ದಾಜಿಬಾನ ಪೇಟೆಯಲ್ಲಿ ಹುಟ್ಟಿ ಬೆಳೆದ ಹಿರಿಯರು ಇದ್ದರೆ ಕೇಳಿ ನೋಡಿ, ನಿಮ್ಮನ್ನು ನೋಡಿ ನಗುತ್ತಾರೆ. ಬಂದರು ಎಂಬ ಮಾತು ಹತ್ತಿರದಲ್ಲೇ ಇದ್ದುದರಿಂದ, ಮೊಮ್ಮಕ್ಕಳ ಕಿವಿಯಲ್ಲಿ ದಿವಾಳಿ ಹೋಗಿ ಸಮುದ್ರ ಬಂದು ಕೂತಿತು.

ಮುಳುಗಲು ಎರಡು ಸಲ ಕಾರಣ ಬಂದಿತ್ತು. ಮೊದಲನೆಯದು 1865. ಆ ವರ್ಷದ ಏಪ್ರಿಲಿನಲ್ಲಿ ಅಮೆರಿಕದ ದಕ್ಷಿಣದವರ ಸೈನ್ಯ ಶರಣಾಯಿತು, ಹತ್ತಿಯ ದರ ನೆಲಕಚ್ಚಿತು, ಹತ್ತಿಯ ಹಣದ ಮೇಲೆ ಶೇರುಗಳ ಗೋಪುರ ಕಟ್ಟಿದ್ದ ಮುಂಬಯಿಯ ಪೇಢಿಗಳು ಒಂದರ ಹಿಂದೊಂದು ದಿವಾಳಿ ಎದ್ದವು. ಮುಂಬಯಿ ಪೇಢಿಯ ಹುಂಡಿ ಕೈಯಲ್ಲಿ ಹಿಡಿದು ಕೂತಿದ್ದ ಅಡತಿಯವನ ಗತಿ ಏನಾಗಿರಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಬೀದಿ ಸಾಯಲಿಲ್ಲ. ದರ ಇಳಿದರೂ ಮಾಲು ಹರಿಯುತ್ತಿತ್ತು, ಘಟ್ಟ ಇಳಿದು ಹಡಗು ಹತ್ತದೆ ಅದಕ್ಕೆ ಬೇರೆ ದಾರಿ ಇರಲಿಲ್ಲ.

ಎರಡನೆಯದು ರೈಲು, ಮತ್ತು ಅದು ಕುಮಟಾವನ್ನು ಬಿಟ್ಟು ಹೋದ ಬಗೆ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಧಾರವಾಡದ ಹತ್ತಿ ಇದೆ. ಬೆಳೆಯುವ ಜಿಲ್ಲೆ ಒಂದು ಸರಕಾರದ್ದು, ಬಂದರು ಇನ್ನೊಂದು ಸರಕಾರದ್ದಾದರೆ ರಸ್ತೆ ಯಾರೂ ಮಾಡುವುದಿಲ್ಲ ಎಂದು ಮ್ಯಾಂಚೆಸ್ಟರಿನವರು ಗದ್ದಲವೆಬ್ಬಿಸಿದ್ದರು. ಅವರ ಕಣ್ಣಿದ್ದುದು ಕುಮಟಾದ ಮೇಲಲ್ಲ, ಕಾರವಾರದ ಮೇಲೆ. ಅಲ್ಲಿನ ಕೊಲ್ಲಿಗೆ ಗುಡ್ಡ ಮತ್ತು ದ್ವೀಪಗಳ ಆಸರೆ ಇದೆ, ಹಡಗು ದಡಕ್ಕೆ ಹತ್ತಿರ ಬರಬಹುದು. ಹೊಸ ಬಂದರು ಬೆಳೆದಂತೆ ಅರಬೈಲು ಘಟ್ಟದ ರಸ್ತೆಯ ಮೂಲಕ ಹುಬ್ಬಳ್ಳಿಯ ಗಾಡಿಗಳು ಅತ್ತಲೂ ಹರಿದವು. ಕಾರವಾರಕ್ಕೆ ರೈಲು ಬಂದೇ ಬರುತ್ತದೆಂದು ಎಲ್ಲರೂ ನಂಬಿದ್ದರು. ಅಷ್ಟರಲ್ಲಿ 1878ರ ಡಿಸೆಂಬರಿನಲ್ಲಿ ಬ್ರಿಟಿಷರಿಗೂ ಪೋರ್ತುಗೀಸರಿಗೂ ಒಪ್ಪಂದವಾಗಿ, ಪಶ್ಚಿಮ ಕಡಲಿಗೆ ನಮ್ಮ ರೈಲು ಮುಟ್ಟುವ ಜಾಗ ಗೋವೆಯ ಮರ್ಮಗೋವಾ ಎಂದು ನಿಶ್ಚಯವಾಯಿತು. 1884ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಹೋಟಗಿ-ಗದಗ ಮಾರ್ಗ ತೆರೆದು ಗದಗಿನ ಹತ್ತಿಗೆ ಸೊಲ್ಲಾಪುರದ ಕಡೆಯಿಂದ ಮುಂಬಯಿಯ ದಾರಿ ಸಿಕ್ಕಿತು. 1888ರಲ್ಲಿ ಲೋಂಡಾ, ಕ್ಯಾಸಲ್‌ರಾಕ್ ಮೇಲಿನಿಂದ ದೂಧಸಾಗರದ ಘಟ್ಟ ಇಳಿದು ಮರ್ಮಗೋವಾ ಮುಟ್ಟುವ ಮೀಟರ್‌ಗೇಜ್ ಮಾರ್ಗ ಪೂರ್ಣವಾಯಿತು. ಇವತ್ತು ಮಳೆಗಾಲದಲ್ಲಿ ಜಲಪಾತ ನೋಡಲು ನಮ್ಮ ಹುಡುಗರು ಕಿಟಕಿಗೆ ಜೋತುಬೀಳುವ ಆ ಮಾರ್ಗ ಹುಟ್ಟಿದ್ದು ನೋಟಕ್ಕಲ್ಲ, ಮಾಲಿಗೆ.

ಹುಬ್ಬಳ್ಳಿಯ ಅಡತಿಯವನ ಜಾಗದಲ್ಲಿ ನಿಂತು ಯೋಚಿಸಿ. ಒಂದು ಕಡೆ ಎಂಟು-ಹತ್ತು ದಿನದ ಗಾಡಿ, ಘಟ್ಟದಲ್ಲಿ ಮುರಿಯುವ ಅಚ್ಚು, ಮೇ ತಿಂಗಳ ಕೊನೆಯ ಭಯ, ಬಂದರಿನಲ್ಲೊಂದು ಅಂಗಡಿ ಇಟ್ಟು ಅಲ್ಲಿಗೆ ತಮ್ಮನನ್ನೋ ಭಾವಮೈದುನನನ್ನೋ ಕಳಿಸುವ ಖರ್ಚು. ಇನ್ನೊಂದು ಕಡೆ ಊರ ಸ್ಟೇಷನ್ನಿನಲ್ಲೇ ಬೇಲು ಏರಿಸಿದರೆ ಮುಗಿಯಿತು, ರೈಲಿಗೆ ಮುಂಗಾರಿನ ಹಂಗಿಲ್ಲ. ಮಾಲು ಊರಲ್ಲೇ ಕೈ ಬದಲಾಗುವುದಾದರೆ ಕುಮಟಾದ ಅಂಗಡಿ ಯಾಕೆ ಬೇಕು? ಬೀಜ ತೆಗೆಯುವ ಜಿನ್ನುಗಳು, ಬೇಲು ಒತ್ತುವ ಪ್ರೆಸ್ಸುಗಳು ಗದಗ-ಹುಬ್ಬಳ್ಳಿಯ ರೈಲಿನ ಬದಿಗೆ ಬಂದು ಕೂತವು. ಮುಂಬಯಿಯ ಗುಮಾಸ್ತರೂ ಘಟ್ಟ ಹತ್ತಿ ಅವುಗಳ ನೆರೆಗೆ ಬಂದರು. ಹೀಗೆ ಬೀದಿ ಒಂದು ದಿನ ಬಿದ್ದುಹೋಗಲಿಲ್ಲ. ಅದರಲ್ಲಿದ್ದ ಕೆಲಸ ಒಂದೊಂದಾಗಿ ಎದ್ದು ಮೇಲಕ್ಕೆ ನಡೆಯಿತು, ಗೋಡೆಗಳು ಮಾತ್ರ ಕೆಳಗೆ ಉಳಿದವು. ಉಳಿದ ಗೋಡೆಗಳಲ್ಲಿ ಸ್ಥಳೀಯ ವ್ಯಾಪಾರ ಇನ್ನೂ ಎಷ್ಟೋ ಕಾಲ ನಡೆದಿದೆ, ಹಂಚು ಏರಿದೆ, ಭೋಂಗಾ ಕೂಗಿದೆ. ಅದು ಆಯಿಯವರ ಬಾಲ್ಯದ ಕುಮಟಾ. ಹಾವೇರಿಯ ಕಥೆಯೂ ಇದರ ಪಕ್ಕದ್ದೇ: ಶಿರಸಿ-ಸಿದ್ದಾಪುರದ ಕಡೆಯ ಏಲಕ್ಕಿಯನ್ನು ತರಿಸಿ ಅಂಟುವಾಳದ ನೀರಲ್ಲಿ ತೊಳೆದು ಬಿಳುಪು ಮಾಡುತ್ತಿದ್ದ ಪೇಟೆ ಅದು, ಈಗ ಅದರ ಹೆಸರು ಉಳಿದಿರುವುದು ಸತ್ಕಾರದ ಏಲಕ್ಕಿ ಹಾರದಲ್ಲಿ.

ಕುಮಟಾಕ್ಕೂ ಕೊನೆಗೆ ರೈಲು ಬಂತು, 1990ರ ದಶಕದಲ್ಲಿ, ಕೊಂಕಣ ರೈಲ್ವೆಯ ರೂಪದಲ್ಲಿ. ಅದು ಕಡಲಿನ ಗುಂಟ ಓಡುತ್ತದೆ, ಘಟ್ಟ ಹತ್ತುವುದಿಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗದ ಮಾತು ದಶಕಗಳಿಂದ ನಡೆದಿದೆ, ರೈಲು ಇನ್ನೂ ಓಡಿಲ್ಲ.

ಮುಂದೆ ನೀವು ಮಾಡಬಹುದಾದದ್ದು ಇಷ್ಟು. ಕುಮಟಾದಲ್ಲಿ ಮತ್ತೆ ವಿಚಾರಿಸುವಾಗ ಅಂಗಡಿ ಸಾಲನ್ನು ಕೇಳಬೇಡಿ, ಹಳೆಯ ಹತ್ತಿ ವಖಾರ (ಗೋದಾಮು) ಎಲ್ಲಿದ್ದವು, ಗಾಡಿ ಬಿಡುವ ಬಯಲು ಯಾವುದು ಎಂದು ಕೇಳಿ. ಅಡತಿ ಅಂಗಡಿಗಳು ಅವೆರಡರ ನಡುವೆಯೇ ಇರಬೇಕು. ಜಾಗ ಗೊತ್ತಾದರೆ ಅದರ ಸಿ.ಟಿ.ಎಸ್. (ನಗರ ಭೂಮಾಪನದ) ಉತಾರ ತೆಗೆಸಿ, ಹಿಂದಿನ ಹಕ್ಕುದಾರರ ಹೆಸರು ಒಂದೊಂದೇ ಮೆಟ್ಟಿಲು ಇಳಿದಂತೆ ಹಿಂದಕ್ಕೆ ಹೋಗುತ್ತದೆ. 1862ರ ನಂತರದ ಸರಕಾರಿ ಕಾಗದಗಳಿಗೆ ಮುಂಬಯಿಯ ಪತ್ರಾಗಾರವೇ ಮುಖ್ಯ ಠಾವು, ಅದಕ್ಕೆ ಮೊದಲಿನವಕ್ಕೆ ಮದ್ರಾಸಿನದು. ಹಳೆಯ ಅಂಗಡಿಯ ಹಲಗೆ ಬಾಗಿಲು ಎಲ್ಲಾದರೂ ಉಳಿದಿದ್ದರೆ ಹಲಗೆಗಳ ಮೇಲಂಚು ನೋಡಿ. ರಾತ್ರಿ ಹಾಕುವಾಗ ಕ್ರಮ ತಪ್ಪಬಾರದೆಂದು ಉಳಿಯಿಂದ ಅಂಕಿ ಕೊರೆದಿರುತ್ತಾರೆ. ಅಂಕಿ ಕನ್ನಡದ್ದೋ, ನಾಗರಿಯೋ, ಗುಜರಾತಿಯೋ ಎಂಬುದರಿಂದ ಬಾಗಿಲು ಮಾಡಿಸಿದವನು ಯಾವ ಲೆಕ್ಕದವನು ಎಂಬುದು ತಿಳಿಯುತ್ತದೆ.

ಹಾಳೆಯನ್ನು ಲ್ಯಾಮಿನೇಷನ್ ಮಾಡಿಸಬೇಕೆಂದಿದ್ದೀರಿ, ದಯವಿಟ್ಟು ಬೇಡ. ನನಗೆ ಪರಿಚಯದ ಮನೆಯೊಂದರಲ್ಲಿ ಹೀಗೆ ಪ್ಲಾಸ್ಟಿಕ್ಕಿನೊಳಗೆ ಒತ್ತಿಸಿದ ಕಿರ್ದಿಯ ಹಾಳೆ ಎರಡು ವರ್ಷದಲ್ಲಿ ಕಂದಿ, ಮಸಿಯ ಸುತ್ತ ಕಾಗದ ಸುಟ್ಟಂತಾಯಿತು. ಈಗ ಅದನ್ನು ಬಿಡಿಸಲೂ ಬರುವುದಿಲ್ಲ. ಮಡಿಕೆ ಬಿಚ್ಚಿ, ಹಳೆಯ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ, ಒಣಗಿದ ಜಾಗದಲ್ಲಿ ಚಪ್ಪಟೆಯಾಗಿ ಇಡಿ. ಅದಕ್ಕೂ ಮೊದಲು ಹಿಂಬದಿಯ ಚಿತ್ರವನ್ನು ಹಗಲು ಬೆಳಕಿನಲ್ಲಿ ತೆಗೆದು ಕಳಿಸಿ. ನೀವು ಕಳಿಸಿದ್ದು ಮುಂಭಾಗ ಮಾತ್ರ. ಎಡ ಅಂಚಿನಲ್ಲಿ ಹಿಂದಿನ ಮಸಿ ತುಸು ಮೂಡಿ ಕಾಣುತ್ತಿದೆ, ಅದಕ್ಕೆ ತಲೆಗೆರೆಯೂ ಇದೆ.